ಒಂದೇ ಮಂಚ

ಅಪ್ಪಾ,

ಬಾಗಿಲಲ್ಲಿ ಕೀಲಿಕೈ ಕೊಟ್ಟು ಓಡುವ ಅವಸರದಲ್ಲಿ ಹೇಳಲಾಗುವುದಿಲ್ಲ, ಅದಕ್ಕೇ ದಿಂಬಿನ ಮೇಲೆ ಈ ಕಾಗದ.

ನಿನ್ನ ರಾತ್ರಿ ಕಾವಲಿನ ಕೆಲಸ ಇವತ್ತಿಗೆ ಮುಗಿಯಿತು. ಇನ್ನು ರಾತ್ರಿ ನೀನೂ ಮನೆಯಲ್ಲಿರುತ್ತೀಯ.

ನಾನು ಗಂಡನ ಮನೆ ಬಿಟ್ಟು ಬಂದ ದಿನ ನೀನೇ ಅಂದಿದ್ದೆ, "ಮಂಚ ಒಂದೇ ಆದ್ರೇನು, ನಾನು ಹಗಲು ಮಲಗ್ತೀನಿ, ನೀನು ರಾತ್ರಿ ಮಲಗು." ಒಂಬತ್ತು ವರ್ಷ ಹಾಗೇ ದೂಡಿದೆವು. ರಜೆಯ ರಾತ್ರಿಗಳಲ್ಲೂ ನೀನು ಬೇರೆಯವರ ಪಾಳಿ ಕೇಳಿಕೊಂಡು ಹೋದೆ. ಯಾಕೆಂದು ಗೊತ್ತಿದ್ದೂ ನಾನು ಸುಮ್ಮನೆ ಮಲಗಿದೆ.

ಇನ್ನು ಮಂಚ ನಿನ್ನದು. ನಾನು ಚಾಪೆ ತಂದಿದ್ದೇನೆ. ವಾದ ಬೇಡ, ದಿನವಿಡೀ ಗಾರ್ಮೆಂಟ್ಸ್‌ನಲ್ಲಿ ಹೊಲಿಗೆ ಮಷಿನ್ ತುಳಿದವಳಿಗೆ ಕಲ್ಲಿನ ಮೇಲೂ ನಿದ್ದೆ ಬರುತ್ತದೆ. ಐದಕ್ಕೆ ಅಲಾರಾಂ ಹೊಡೆದರೆ ಬೈಯಬೇಡ.

ಇಷ್ಟು ವರ್ಷ ಒಂದೇ ದಿಂಬಿಗೆ ತಲೆ ಕೊಟ್ಟರೂ ನೀನು ಗೊರಕೆ ಹೊಡೆಯುತ್ತೀಯೋ ಇಲ್ಲವೋ ನನಗೆ ಗೊತ್ತಿಲ್ಲ. ಹೊಡೆದರೆ ಹೊಡಿ, ಎಬ್ಬಿಸುವುದಿಲ್ಲ.

ನಿನ್ನ ಮಗಳು