ಬಲಪುಟದ ಓದು

ಮಾರ್ಚ್ ೯, ಭಾನುವಾರ

ಪ್ರೀತಿಯ ವಾಚಾಳಿ,

‘ಪ್ರೀತಿಯ’ ಎಂದು ಬರೆದು ಹೊಡೆದುಹಾಕಿದೆ. ಆಮೇಲೆ ಹೊಸ ಹಾಳೆ ತೆಗೆದುಕೊಂಡು ಮತ್ತೆ ಅದನ್ನೇ ಬರೆದೆ. ಇಪ್ಪತ್ತೆರಡು ವರ್ಷದ ರೂಢಿ, ಕೈ ಮಾತು ಕೇಳುವುದಿಲ್ಲ.

ನಿನ್ನ ಕಾಗದವೂ ಪ್ರಕಾಶಕರ ಒಪ್ಪಿಗೆಪತ್ರವೂ ತಲುಪಿದವು. ನೀನು ತೋರಿಸಿದ ಜೆರಾಕ್ಸ್ ಪ್ರತಿಗಳನ್ನು ಓದಿ, ನಮ್ಮ ಹದಿನೆಂಟು ನೋಟ್‌ಬುಕ್ಕುಗಳಿಂದ ಆರಿಸಿ ಪುಸ್ತಕ ಮಾಡುತ್ತಾರಂತೆ, ರಟ್ಟಿನ ಮೇಲೆ ಇಬ್ಬರ ಹೆಸರೂ ಇರುತ್ತದಂತೆ, ನನ್ನ ಸಹಿಯೊಂದೇ ಬಾಕಿಯಂತೆ. ಹೋದ ತಿಂಗಳು ಈ ಸುದ್ದಿ ಬಂದಿದ್ದರೆ ಬೈಂಡಿಂಗ್ ಶಾಪಿನಲ್ಲೇ ಕುಣಿದುಬಿಡುತ್ತಿದ್ದೆ. ಈಗ ಸಹಿ ಹಾಕಲಾರೆ. ಯಾಕೆಂದು ಹೇಳುತ್ತೇನೆ, ಕೊನೆಯವರೆಗೆ ಓದು. ಇದನ್ನಾದರೂ ಓದು.

ನಮ್ಮ ಕರಾರು ನೆನಪಿದೆ ತಾನೇ? ಓದಿದ್ದೆಲ್ಲ ತಿಂಗಳೊಪ್ಪತ್ತಿನಲ್ಲಿ ಮರೆತುಹೋಗುತ್ತದೆ ಎಂದು ನಾನು ಗೋಳಾಡಿದಾಗ ದಾರಿ ಹುಡುಕಿದವಳು ನೀನೇ. ನಾನು ಓದಿ ಎಡಪುಟದಲ್ಲಿ ಬರೆಯುವುದು, ಪುಸ್ತಕವನ್ನೂ ನೋಟ್‌ಬುಕ್ಕನ್ನೂ ನಿನಗೆ ಕಳಿಸುವುದು, ನೀನು ಓದಿ ಬಲಪುಟದಲ್ಲಿ ಬರೆದು ವಾಪಸ್ ಕಳಿಸುವುದು. ನಾನು ಊಟದ ಬಿಡುವಿನಲ್ಲಿ, ಅಚ್ಚಾಗಿ ಮಡಿಸಿ ಬಂದ, ಇನ್ನೂ ಹೊಲಿಯದ ಬಿಡಿ ಫಾರಂಗಳನ್ನೇ ಮಂಡಿಯ ಮೇಲಿಟ್ಟುಕೊಂಡು ಓದುತ್ತಿದ್ದೆ. ಮೂಲೆ ಮುಕ್ಕಾದ ಪ್ರತಿಗಳನ್ನು ಕೆಲಸದವರು ಒಯ್ಯಬಹುದು. ಅವನ್ನು ನಿನಗೆ ಕಳಿಸುತ್ತಿದ್ದೆ.

ಹೋದ ವಾರ ಶಾಪಿಗೆ ಗಡಿಯಾರ ರಿಪೇರಿಯವರೊಬ್ಬರು ಬಂದರು. ಗಡಿಯಾರ ರಿಪೇರಿ ಕಲಿಸುವ ಪುಸ್ತಕ ಅಂತ ತಗೊಂಡ್ರೆ ಒಳಗೆ ಯಾರೋ ಡಾಕ್ಟ್ರು ಬೆಟ್ಟದ ಆಸ್ಪತ್ರೇಲಿ ಕೂತು ಅಳ್ತಾನಲ್ಲಮ್ಮ, ನಾನೇನು ಅವನ ಕಣ್ಣು ಒರೆಸ್ಲಾ ಅಂತ ಕೇಳಿದರು. ಎಲ್ಲರೂ ನಕ್ಕೆವು. ಎರಡು ಪುಸ್ತಕ ಒಂದೇ ಅಳತೆಯವು, ಒಂದೇ ದಿನ ನನ್ನ ಮೇಜಿನ ಮೇಲಿದ್ದವು. ರಟ್ಟು ಹಾಕುವಾಗ ಅದಲುಬದಲು ಮಾಡಿದವಳು ನಾನೇ.

ನಗು ನಿಂತ ಮೇಲೆ ಹೊಳೆಯಿತು, ಇದರ ಜೋಡಿ, ಡಾಕ್ಟರ ರಟ್ಟಿನೊಳಗೆ ಗಡಿಯಾರ ಕೂತಿರುವ ಪ್ರತಿ, ಎಲ್ಲೋ ಇರಬೇಕಲ್ಲ. ಡಾಕ್ಟರ ಕಾದಂಬರಿಯನ್ನು ನಾನು ಬಿಡಿ ಫಾರಂಗಳಲ್ಲೇ ಓದಿ ಮುಗಿಸಿದ್ದರಿಂದ ನಿನ್ನ ಪ್ರತಿಯನ್ನು ತೆರೆದೂ ನೋಡದೆ ಕಟ್ಟಿ ಕಳಿಸಿದ್ದೆ. ನೀನು ವಾಪಸ್ ಕಳಿಸಿದ್ದನ್ನು ಅವತ್ತು ಸಂಜೆ ತೆರೆದೆ. ಮೊದಲ ಪುಟದಿಂದ ಕೊನೆಯವರೆಗೂ ಮುಳ್ಳು, ಸ್ಪ್ರಿಂಗು, ಹಲ್ಲುಚಕ್ರ.

ನಿನ್ನ ಬಲಪುಟವನ್ನೂ ತೆರೆದೆ. ಏಳನೆಯ ಅಧ್ಯಾಯ ಓದುತ್ತ ಆ ವೈದ್ಯನ ಜೊತೆ ನೀನೂ ಅತ್ತೆಯಂತೆ. ಏಳನೆಯ ಅಧ್ಯಾಯದಲ್ಲಿ ಅಲಾರಾಂ ಬಿಚ್ಚುವುದು ಹೇಗೆಂದು ಇದೆ ಕಣೇ, ಚಿತ್ರಸಹಿತ. ಅದಕ್ಕೆ ಅಳುವವರನ್ನು ನಾನು ಈವರೆಗೆ ಕಂಡಿಲ್ಲ.

ಇದೊಂದೇ ಇರಬಹುದು ಎಂದು ಸಮಾಧಾನ ಮಾಡಿಕೊಂಡೆ. ಎರಡು ದಿನ ರಜೆ ಹಾಕಿ ಹದಿನೆಂಟು ನೋಟ್‌ಬುಕ್ಕನ್ನೂ ನೀನು ವಾಪಸ್ ಕಳಿಸಿದ ಪುಸ್ತಕಗಳನ್ನೂ ಹರವಿಕೊಂಡು ಕೂತೆ. ಅಕ್ಕ ತಂಗಿಯರ ಕಾದಂಬರಿಯೊಂದಿತ್ತಲ್ಲ, ನಾನು ಓದಿದ ಕಟ್ಟಿನಲ್ಲಿ ಕೊನೆಯ ಫಾರಂ ಇರಲಿಲ್ಲ, ನನಗದು ಗೊತ್ತಾಗಲಿಲ್ಲ. ತಂಗಿ ರೈಲು ಹತ್ತಿ ಹೋದಳು, ಅಲ್ಲಿಗೆ ಮುಗಿಯಿತು ಎಂದು ಬರೆದಿದ್ದೆ. ನಿನಗೆ ಕಳಿಸಿದ ಪ್ರತಿ ಪೂರ್ತಿಯಾಗೇ ಇತ್ತು. ಅದರಲ್ಲಿ ಅವಳು ಮುಂದಿನ ಸ್ಟೇಷನ್ನಿನಲ್ಲೇ ಇಳಿದು ಅಕ್ಕನ ಮನೆಗೆ ವಾಪಸ್ ಬರುತ್ತಾಳೆ. ನೀನು ಮಾತ್ರ, ತಿರುಗಿ ನೋಡದೆ ಹೋದವಳ ಗಟ್ಟಿತನವನ್ನು ಒಂದೂವರೆ ಪುಟ ಹೊಗಳಿದ್ದೀಯ. ಇಷ್ಟು ವರ್ಷ ನೀನು ಓದಿದ್ದು ನನ್ನ ಎಡಪುಟವನ್ನು, ಅಷ್ಟೇ. ಅದಕ್ಕೇ ಉಪ್ಪುಖಾರ ಹಚ್ಚಿ ನನಗೆ ತಿರುಗಿ ಬಡಿಸಿದೆ.

ಮನೆ, ಮಕ್ಕಳು, ಹಾಸಿಗೆ ಹಿಡಿದ ಅತ್ತೆ, ಎಲ್ಲ ಗೊತ್ತು ನನಗೆ. ಪುರುಸೊತ್ತಿಲ್ಲ ಕಣೇ ಅಂತ ಒಂದು ಸಾಲು ಬರೆದಿದ್ದರೆ ಸಾಕಿತ್ತು. ನಾನೇನು ಹೆಡ್‌ಮಿಸ್ಟ್ರೆಸ್ಸೇ, ಬೆಂಚಿನ ಮೇಲೆ ನಿಲ್ಲಿಸುತ್ತಿದ್ದೆನೇ? ಅಮ್ಮ ತೀರಿಕೊಂಡ ವರ್ಷ ಒಂದು ಪುಸ್ತಕ ಕಳಿಸಿದ್ದೆ. ‘ಈ ಕತೆಯ ಮಗಳಲ್ಲಿ ನಿನ್ನನ್ನೇ ಕಂಡೆ ಗೋಂದು’ ಎಂದು ಬರೆದಿದ್ದೆ ನೀನು. ಆ ಒಂದು ಸಾಲನ್ನು ದಿನಾ ಕೆಲಸಕ್ಕೆ ಹೊರಡುವ ಮುಂಚೆ ಓದುತ್ತಿದ್ದೆ. ಅದನ್ನಾದರೂ ಓದಿದ್ದೆಯಾ? ಬೇಡ, ಹೇಳಬೇಡ. ಹೂಂ ಅಂದರೂ ನಂಬಲಾರೆ.

ನನ್ನ ಟಿಪ್ಪಣಿ ಒಣಕಲು, ನಿನ್ನದು ಚೆಂದ. ಅದಕ್ಕೇ ನಾನು ಪುಸ್ತಕಗಳನ್ನು ನೆನಪಿಟ್ಟುಕೊಂಡಿದ್ದು ನಿನ್ನ ಮಾತುಗಳಲ್ಲಿ. ಮರೆಯಬಾರದೆಂದು ಬರೆದಿಟ್ಟೆವು, ಈಗ ನನ್ನ ತಲೆಯಲ್ಲಿರುವುದು ಯಾರೂ ಬರೆಯದ, ಯಾರೂ ಓದದ ಪುಸ್ತಕಗಳು. ಜೊತೆಗೊಬ್ಬಳು ಓದುತ್ತಿದ್ದಾಳೆ ಎಂದುಕೊಂಡು ಇಪ್ಪತ್ತೆರಡು ವರ್ಷ ಒಬ್ಬಳೇ ಓದಿದೆ. ನನಗೆ ಸಿಟ್ಟು ಬಂದಿರುವುದು ಅದಕ್ಕೆ.

ಹಾಗಾಗಿ ಈ ಪುಸ್ತಕ ಬೇಡ. ಸುಳ್ಳಿನ ಪಕ್ಕದಲ್ಲಿ ನನ್ನ ಹೆಸರು ಕೂರಿಸಲಾರೆ. ಪ್ರಕಾಶಕರಿಗೆ ನೀನೇ ಏನಾದರೂ ಹೇಳಿಕೋ. ಇಲ್ಲದ್ದನ್ನು ಹೇಳುವುದು ನಿನಗೆ ಕಷ್ಟವಲ್ಲ.

ಇಂತಿ,
ನಿನ್ನವಳಾಗಿದ್ದ
ಗೋಂದು

ತಾ.ಕ.: ಇವತ್ತು ಬುಧವಾರ. ಅಂಟಿಸಿದ್ದ ಲಕೋಟೆಯನ್ನು ಮತ್ತೆ ಬಿಚ್ಚಿದ್ದೇನೆ. ಮೂವತ್ತೊಂದು ವರ್ಷದಿಂದ ಬೇರೆಯವರ ಹೆಸರಿರುವ ರಟ್ಟುಗಳಿಗೆ ಅಂಟು ಸವರುತ್ತಿದ್ದೇನೆ, ಇನ್ನೆರಡು ವರ್ಷಕ್ಕೆ ನಿವೃತ್ತಿ. ಒಪ್ಪಿಗೆಪತ್ರಕ್ಕೆ ಸಹಿ ಹಾಕಿ ಇದರೊಳಗೇ ಇಟ್ಟಿದ್ದೇನೆ. ರೈಲಿನ ವಿಷಯ ನನ್ನ ಎಡಪುಟದಲ್ಲಿ ತಿದ್ದಿದ್ದೇನೆ, ನಿನ್ನದನ್ನು ಅದಕ್ಕೆ ಹೊಂದುವ ಹಾಗೆ ಬರೆದು ಕಳಿಸು. ಡಾಕ್ಟರ ಟಿಪ್ಪಣಿ ಪ್ರಕಾಶಕರಿಗೆ ತುಂಬ ಹಿಡಿಸಿದೆ ಅಂದಿದ್ದೀಯ, ಅದು ಇದ್ದ ಹಾಗೇ ಇರಲಿ. ಈ ಕಾಗದ ಹರಿದುಹಾಕು. ಒಂದೇ ಷರತ್ತು, ರಟ್ಟಿನ ಮೇಲೆ ನನ್ನ ಹೆಸರು ಮೊದಲು ಬರಬೇಕು.