ಟರ್ಬೊ ತಣಿಯುವ ತನಕ

ಕುರಾತಾನಿ, ತಾಜಿಮಾ
ಜನವರಿ 23, 1998, ಶುಕ್ರವಾರ ಮಧ್ಯಾಹ್ನ

ಪ್ರೀತಿಯ ತೋಕುಜಿ ಅವರಿಗೆ ಸುಮಿಯೇ ಮಾಡುವ ನಮಸ್ಕಾರಗಳು.

ಆರೋಗ್ಯವಾಗಿದ್ದೀರಾ? ಅಕ್ಕಿ ತೊಳೆಯುವ ನೀರು ಕೈ ಕೊರೆಯುತ್ತದೆ ಎಂದು ಬರೆದಿದ್ದಿರಿ. ನಾನು ಕಳಿಸಿದ ಮುಲಾಮನ್ನು ಹಚ್ಚಿಕೊಳ್ಳುತ್ತಿದ್ದೀರೋ, ಇಲ್ಲ ಹೋದ ಚಳಿಗಾಲದ ಹಾಗೆ ಡಬ್ಬಿಯನ್ನು ಭದ್ರವಾಗಿ ವಾಪಸ್ಸು ತರುತ್ತೀರೋ? ಹುದುಗಿನ ಕೋಣೆಯ ಬಿಸಿಯಲ್ಲಿ ಬೆವರಿ, ಅದೇ ಮೈಯಲ್ಲಿ ಅಂಗಳಕ್ಕೆ ಬರಬೇಡಿ. ನಿಮ್ಮ ಹಿರಿಯ ಮೇಸ್ತ್ರಿಗಳ ಸೊಂಟನೋವು ಹೇಗಿದೆ? ಈ ಚಳಿಗಾಲ ನಿಮ್ಮ ಕಾರ್ಖಾನೆಯಲ್ಲಿ ಅಕ್ಕಿಯ ಮದ್ಯ ಸಾಕೆ ಚೆನ್ನಾಗಿ ಬರುತ್ತಿದೆಯೇ? ಇಲ್ಲಿ ಹಿಮ ಕಿಟಕಿಯ ಅಂಚಿಗೆ ಬಂದಿದೆ. ಬೆಳಿಗ್ಗೆ ಎದ್ದರೆ ಮೊದಲು ಸಲಿಕೆ, ಆಮೇಲೆ ಚಹಾ. ನಾನು ಗಟ್ಟಿಯಾಗಿದ್ದೇನೆ, ನನ್ನ ಚಿಂತೆ ಬೇಡ.

ಮಾವನವರು ಈಗ ನನ್ನ ಎದುರಿಗೇ, ಕಾಲು ಕಾಯಿಸುವ ಮೇಜಿನ ಹೊದಿಕೆಯೊಳಗೆ ಕಾಲು ಚಾಚಿ ಕಿತ್ತಳೆ ಸುಲಿಯುತ್ತಿದ್ದಾರೆ. ಸುಲಿಯುವುದಷ್ಟೇ, ತಿನ್ನುವ ಹಾಗಿಲ್ಲವಲ್ಲ, ಸುಲಿದು ಸುಲಿದು ನನ್ನ ಮುಂದೆ ಇಡುತ್ತಾರೆ. ಮಂಗಳವಾರ, ಗುರುವಾರ, ಶನಿವಾರ ತಪ್ಪದೆ ಘಾಟಿ ದಾಟಿ ಆಸ್ಪತ್ರೆಗೆ ಹೋಗಿ, ಯಂತ್ರದಲ್ಲಿ ರಕ್ತ ಶುದ್ಧಿ ಮಾಡಿಸಿಕೊಂಡು ಬರುತ್ತಿದ್ದೇವೆ. ಬಂದ ದಿನ ಸುಸ್ತು, ಮರುದಿನ ಮುಖದಲ್ಲಿ ಕಳೆ. ಮೂತ್ರಪಿಂಡ ಪೂರ್ತಿ ನಿಂತಿರುವುದರಿಂದ ಒಂದು ಸರದಿಯೂ ತಪ್ಪಬಾರದು, ನೀರು ಶ್ವಾಸಕೋಶಕ್ಕೆ ಏರಿಬಿಡುತ್ತದೆ ಎಂದು ಡಾಕ್ಟರು ಪ್ರತಿ ಸಲ ಹೇಳುತ್ತಾರೆ. ಬಸ್ಸು ಹಿಮ ಬಿದ್ದಾಗಿನಿಂದ ಇಲ್ಲ. ಹೀಗಾಗಿ ಅವರ ಜೀವ ನಿಮ್ಮ ಆ ಪುಟ್ಟ ಕಾರಿನ ಮೇಲೆ ನಿಂತಿದೆ. ಅದಕ್ಕೇ ಈ ಪತ್ರದಲ್ಲಿ ಕಾರಿನ ಪುರಾಣವೇ ಹೆಚ್ಚು, ಬೇಸರ ಮಾಡಿಕೊಳ್ಳಬೇಡಿ.

ಕಾರು ಚೆನ್ನಾಗಿಲ್ಲ. ಹೇಗೆ ಹೇಳಿದರೂ ನಿಮಗೆ ನೋವಾಗುತ್ತದೆ, ಆದ್ದರಿಂದ ನೇರವಾಗಿ ಬರೆದುಬಿಟ್ಟೆ. ಹೊಸ ವರ್ಷದ ಕಡುಬು ತಿಂದು ಮುಗಿಸಿದ ವಾರದಲ್ಲೇ ಶುರುವಾಯಿತು. ಬೆಳಿಗ್ಗೆ ಚಾಲೂ ಮಾಡಿದ ಕೂಡಲೇ ಹಿಂದಿನಿಂದ ನೀಲಿ ಹೊಗೆ. ಘಾಟಿ ಏರುವಾಗ ಮೊದಲು ಸಣ್ಣಗೆ ಸುಯ್ ಎನ್ನುತ್ತಿದ್ದದ್ದು ಈಗ ದೂರದಲ್ಲಿ ಸೈರನ್ ಕೂಗಿದಂತೆ ಕೂಗುತ್ತದೆ. ಕೂಗು ಜಾಸ್ತಿ, ಎಳೆತ ಕಮ್ಮಿ. ಎರಡನೇ ತಿರುವಿನಲ್ಲಿ ಹಿಂದಿನ ಲಾರಿಯವನು ಹಾರ್ನ್ ಹೊಡೆಯುತ್ತಾನೆ, ಮಾವ ಪಕ್ಕದಲ್ಲಿ ಕೂತು ಕನ್ನಡಿಯಲ್ಲಿ ಕಾಣುವ ಲಾರಿಗೆ ತಲೆಬಾಗಿ ಕ್ಷಮೆ ಕೇಳುತ್ತಾರೆ.

ನೀವು ಹೇಳಿಕೊಟ್ಟಿದ್ದನ್ನೆಲ್ಲ ಪಾಠ ಒಪ್ಪಿಸುವ ಹಾಗೆ ಮಾಡುತ್ತಿದ್ದೇನೆ, ನನ್ನ ಮೇಲೆ ಅನುಮಾನ ಬೇಡ. ಬೆಳಿಗ್ಗೆ ಎಂಜಿನ್ ಬೆಚ್ಚಗಾಗುವವರೆಗೆ ಕಾಲಿನ ಒತ್ತು ಹಗುರ. ಸಮತಟ್ಟು ಜಾಗದಲ್ಲಿ ನಿಲ್ಲಿಸಿ ಎಣ್ಣೆಯ ಕಡ್ಡಿ ಎಳೆದು, ಒರೆಸಿ, ಮತ್ತೆ ಅದ್ದಿ ನೋಡುವುದು. ಎಣ್ಣೆ ಬದಲಿಸುವುದು ಪುಸ್ತಕದಲ್ಲಿ ಬರೆದಿದ್ದಕ್ಕಿಂತ ಬೇಗ. ಗಾಳಿ ಸೋಸುವ ಕಾಗದದ ಧೂಳು ಕೊಡವುವುದು, ತಣ್ಣಗಿರುವಾಗ ರೇಡಿಯೇಟರಿನ ನೀರು ನೋಡುವುದು. ಆದರೂ ಕಡ್ಡಿಯಲ್ಲಿ ಎಣ್ಣೆಯ ಗುರುತು ವಾರದಿಂದ ವಾರಕ್ಕೆ ಇಳಿಯುತ್ತಿದೆ. ಕೆಳಗೆ ಹಿಮದ ಮೇಲೆ ಒಂದು ತೊಟ್ಟೂ ಸೋರಿಲ್ಲ. ಹಾಗಾದರೆ ಎಲ್ಲಿಗೆ ಹೋಗುತ್ತದೆ ಎಂದು ತಲೆ ಕೆಟ್ಟು ಸೋಮವಾರ ನಿಶಿಗಾಕಿಯವರ ಗ್ಯಾರೇಜಿಗೆ ಒಯ್ದೆ. ಮನೆಯಲ್ಲಿ ಒಬ್ಬರೇ ಬೇಡವೆಂದು ಮಾವನನ್ನೂ ಕರೆದುಕೊಂಡು ಹೋದೆ.

ನಿಶಿಗಾಕಿಯವರು ನಿಮಗೆ ಗೊತ್ತಲ್ಲ, ಬಾನೆಟ್ಟಿಗಿಂತ ಮೊದಲು ಬಾಯಿ ತೆರೆಯುವ ಆಸಾಮಿ. ಮಾವನನ್ನು ಒಲೆಯ ಪಕ್ಕ ಕೂರಿಸಿ, ಚಹಾ ಕೊಟ್ಟು, ಬೀಡುಕಬ್ಬಿಣದ ಆ ಬಸವನಹುಳದಂಥ ಭಾಗ ತೋರಿಸಿ ಪ್ರವಚನ ಶುರುಮಾಡಿದರು. "ನೋಡಮ್ಮ, ಎಂಜಿನ್ ಏನೋ ಕಲ್ಲಿನ ಹಾಗಿದೆ. ಸೋತಿರೋದು ಟರ್ಬೊ. ಹೊಗೆ ಹೊರಗೆ ಹೋಗೋ ರಭಸಕ್ಕೆ ಒಂದು ಚಕ್ರ ತಿರುಗುತ್ತೆ, ಅದರ ಅಚ್ಚಿಗೇ ಕಟ್ಟಿರೋ ಇನ್ನೊಂದು ಚಕ್ರ ಗಾಳಿನ ಒಳಗೆ ತುರುಕುತ್ತೆ. ಆ ಗಾಳಿ ಇರೋದಕ್ಕೇ ಈ ಅಂಗೈ ಅಗಲದ ಎಂಜಿನ್ ಘಾಟಿ ಹತ್ತೋದು. ಆ ಅಚ್ಚು ತೇಲ್ತಾ ಇರೋದು ಎಣ್ಣೆ ಮೇಲೆ ಕಣಮ್ಮ! ಏರು ಹತ್ತಿ ಬಂದಾಗ ಅದು ಕೆಂಡ. ಆಗ ತಕ್ಷಣ ಕೀಲಿ ತಿರುಗಿಸಿಬಿಟ್ರೆ ಎಣ್ಣೆ ಓಡಾಟ ನಿಂತು, ನಿಂತಲ್ಲೇ ಸೀದು ಕರಿ ಹಿಡಿಯುತ್ತೆ. ಆಮೇಲೆ ಅಚ್ಚು ಸವೆದು ಎಣ್ಣೆ ಹೊಗೆ ಜೊತೆ ಸೇರ್ಕೊಳ್ಳುತ್ತೆ. ಒಂದೆರಡು ನಿಮಿಷ ಹಾಗೇ ಓಡೋಕೆ ಬಿಟ್ಟು ತಣಿಸಬೇಕು ಅಂತ ತೋಕುಜಿ ಹೇಳಿರಲಿಲ್ವಾ?"

ಹೇಳಿದ್ದಿರಿ. ನನಗೆ ಚೆನ್ನಾಗಿ ನೆನಪಿದೆ. ಆದರೆ ನಮ್ಮ ಮನೆಯ ಏರು ನಿಮಗೆ ಗೊತ್ತು, ಊರಿನಲ್ಲೆಲ್ಲ ಕಡಿದಾದ ಏರು, ಅದರ ತುದಿಗೇ ನಮ್ಮ ಬಾಗಿಲು, ನಮ್ಮ ಬಾಗಿಲಿಗೆ ಅಂಟಿಕೊಂಡೇ ಹಿಸಾಯೆಯವರ ಮಲಗುವ ಕೋಣೆ. ಅಲ್ಲಿ ಈಗ ಸೊಸೆಯ ಹಸುಗೂಸು. ಗಾಡಿ ನಿಲ್ಲುವುದಕ್ಕೂ ಬಿಡದೆ ಮಾವ "ನಿಲ್ಸಮ್ಮ, ನಿಲ್ಸು, ಮಗು ಎದ್ದುಬಿಡುತ್ತೆ, ಪಕ್ಕದವರಿಗೆ ಹೊಗೆ ಹೋಗುತ್ತೆ" ಎನ್ನುತ್ತಿದ್ದರು. ನಾನು ತಕ್ಷಣ ಕೀಲಿ ತಿರುಗಿಸುತ್ತಿದ್ದೆ. ಹಿರಿಯರು ಹೇಳಿದಾಗ "ಇರಿ, ಟರ್ಬೊ ತಣಿಯಲಿ" ಎನ್ನುವಷ್ಟು ದೊಡ್ಡ ಬಾಯಿ ನನಗೆಲ್ಲಿದೆ? ಹಿಸಾಯೆಯವರು ಹೋದ ತಿಂಗಳು ಉಪ್ಪಿನಲ್ಲಿ ಹಾಕಿದ ಮೂಲಂಗಿ ತಂದುಕೊಟ್ಟು, "ನಿಮ್ಮ ಕಾರು ಬಂದದ್ದೇ ಗೊತ್ತಾಗಲ್ಲ ನೋಡಿ, ಎಷ್ಟು ಸೂಕ್ಷ್ಮ ನೀವು!" ಎಂದು ಹೊಗಳಿ ಬೇರೆ ಹೋದರು. ಆ ಹೊಗಳಿಕೆಯಿಂದ ಮಾವ ಎರಡು ದಿನ ಖುಷಿಯಾಗಿದ್ದರು. ಈ ಊರಿನಲ್ಲಿ ಯಾವ ಸೊಸೆ ಆಗಿದ್ದರೂ ಇದನ್ನೇ ಮಾಡುತ್ತಿದ್ದಳು, ಬೈಯುವುದಾದರೆ ಸ್ವಲ್ಪ ಕಡಿಮೆ ಬೈಯಿರಿ. ಮಾವನಿಗೂ ಬೇಡ.

ಹೊಸ ಟರ್ಬೊ ಪಟ್ಟಣದಿಂದ ಬರಬೇಕಂತೆ. ಕಳಚಿದ ಮೇಲೆ ಕಾರು ಕೆಲವು ದಿನ ಗ್ಯಾರೇಜಿನಲ್ಲೇ ಮಲಗಬೇಕು. ನಿಶಿಗಾಕಿಯವರ ಬಳಿ ಎರವಲು ಕೊಡಲು ಇರುವ ಗಾಡಿಗೆ ನಾಲ್ಕು ಚಕ್ರದ ಎಳೆತವಿಲ್ಲ, ಈ ಹಿಮದಲ್ಲಿ ಅದು ನಮ್ಮ ಏರಿನ ಬುಡದಲ್ಲೇ ಜಾರುತ್ತದೆ. ಹಿಸಾಯೆಯವರ ಗಂಡ ತಾವು ಕರೆದುಕೊಂಡು ಹೋಗುತ್ತೇನೆಂದರು. ಮಾವ ನೆಲಕ್ಕೆ ಹಣೆ ತಾಗುವಷ್ಟು ಬಾಗಿ ವಂದಿಸಿ, ಬೇಡವೆಂದರು. ಹಾಗಾಗಿ ಇಳಿದ ಎಣ್ಣೆಯನ್ನು ಮತ್ತೆ ಮತ್ತೆ ತುಂಬುತ್ತ, ಮೆಲ್ಲಗೆ, ಜೀವ ಕೈಯಲ್ಲಿ ಹಿಡಿದುಕೊಂಡು ಓಡಿಸುತ್ತಿದ್ದೇನೆ. ಹೀಗೇ ಓಡಿಸಿದರೆ ಎಷ್ಟು ದಿನ ಬರುತ್ತದೆ ಎಂದು ಕೇಳಿದೆ. "ಬಂದಷ್ಟು ದಿನ ಬರುತ್ತೆ" ಎಂದರು ಆ ಮಹಾನುಭಾವರು. ರಿಪೇರಿಗೆ ಬಿಡಲೋ, ಹೀಗೇ ನೂಕಲೋ? ರಾತ್ರಿ ಹೊದಿಕೆಯೊಳಗೂ ಆ ಸೈರನ್ ಕೇಳಿದಂತಾಗುತ್ತದೆ. ಘಾಟಿಯ ನೆತ್ತಿಯಲ್ಲಿ, ಹಿಮದ ನಡುವೆ, ಮಾವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಕಾರು ನಿಂತುಬಿಟ್ಟರೆ ನಾನು ಏನು ಮಾಡಲಿ?

ಇನ್ನೇನು ವಿಶೇಷವಿಲ್ಲ. ನಾಳೆ ಆಸ್ಪತ್ರೆಗೆ ಹೋಗುವಾಗ ನರ್ಸುಗಳಿಗೆ ಕೊಡಲು ಸಿಹಿಕಡುಬಿನ ಒಂದು ಒಳ್ಳೆ ಪೆಟ್ಟಿಗೆ ಕೊಂಡುಕೊಳ್ಳಬೇಕು ಎಂದು ಮಾವ ಹೇಳಿದ್ದಾರೆ. ಅಂಗಡಿಗೂ ಹೋಗಬೇಕು. ಎಂದಿನಂತೆ ಮಾವ ಬರೆಯುವ ಸಾಲಿಗೆ ಜಾಗ ಬಿಟ್ಟು ಮುಗಿಸುತ್ತೇನೆ. ಮೇಸ್ತ್ರಿಗಳಿಗೂ ಜೊತೆಯವರಿಗೂ ನನ್ನ ವಂದನೆ ತಿಳಿಸಿ. ಕುತ್ತಿಗೆಗೆ ಬಟ್ಟೆ ಸುತ್ತಿಕೊಳ್ಳಿ.

ನಿಮ್ಮ
ಸುಮಿಯೇ

ತೋಕುಜಿ, ನಿನ್ನ ಕಾರು ನನ್ನಿಂದ ಹಾಳಾಯಿತು. ತಪ್ಪಾಯಿತಪ್ಪ. ಸುಮಿಯೇಯನ್ನು ಬೈಯಬೇಡ. ಮೈ ನೋಡಿಕೋ. — ಅಪ್ಪ

ಮರೆತ ಮಾತು: ಇದನ್ನು ಅಂಚೆ ಕಚೇರಿಯ ಮೇಜಿನ ಮುಂದೆ ನಿಂತುಕೊಂಡೇ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಿದ್ದರೆ ಕ್ಷಮಿಸಿ. ಮೇಲಿನದನ್ನೆಲ್ಲ ಮಾವ ಓದುತ್ತಾರೆಂದು ಬಾಯಿಗೆ ಬೀಗ ಹಾಕಿಕೊಂಡು ಬರೆದೆ. ನಿನ್ನೆ ವಾಪಸ್ಸು ಬರುವಾಗ ಘಾಟಿಯಲ್ಲಿ ಅವರು ಹೇಳಿದರು, "ಸುಮಿಯೇ, ಶನಿವಾರ ಒಂದು ಸಲ ಹೋಗಿ ಡಾಕ್ಟರಿಗೆ, ಆ ಹುಡುಗಿಯರಿಗೆ ವಂದನೆ ಹೇಳಿ ಬರೋಣ. ಆಮೇಲೆ ಸಾಕಮ್ಮ. ಮಗನ ಕಾರು ತಿಂದೆ, ನಿನ್ನ ಚಳಿಗಾಲ ತಿಂದೆ. ಇನ್ನೂ ಎಷ್ಟು ಜನಕ್ಕೆ ತೊಂದರೆ ಕೊಡಲಿ?" ಆ ಸಿಹಿಯ ಪೆಟ್ಟಿಗೆ ಅದಕ್ಕೆ. ಹೋಗದಿದ್ದರೆ ಒಂದು ವಾರವೂ ಉಳಿಯುವುದಿಲ್ಲ ಎಂದು ಅವರಿಗೆ ಗೊತ್ತು. ನಾನು ಬೇಡಿಕೊಂಡೆ, ಕಣ್ಣೀರು ಹಾಕಿದೆ, ಸಿಟ್ಟೂ ಮಾಡಿದೆ. ನನ್ನ ಬೆನ್ನು ಸವರಿ, "ರಸ್ತೆ ನೋಡು, ರಸ್ತೆ ನೋಡು" ಎಂದರು, ಅಷ್ಟೇ. ಈಗತಾನೆ ಇಲ್ಲಿಂದ ನಿಮಗೆ ಫೋನು ಮಾಡಿದ್ದೆ. ನೀವು ಹುದುಗಿನ ಕೋಣೆಯಲ್ಲಿದ್ದೀರಿ, ಏನು ಹೇಳಲಿ ಎಂದು ಆಫೀಸಿನ ಹೆಂಗಸು ಕೇಳಿದಳು. ಇದನ್ನು ಅವಳ ಕೈಯಲ್ಲಿ ಏನಂತ ಹೇಳಿ ಕಳಿಸಲಿ? "ಏನಿಲ್ಲ" ಎಂದು ಇಟ್ಟುಬಿಟ್ಟೆ. ತುರ್ತು ಅಂಚೆಯಾದ್ದರಿಂದ ಇದು ನಾಳೆ ನಿಮ್ಮ ಕೈಗೆ ಸಿಗುತ್ತದೆ. ನಾಳೆ ಸಂಜೆ ಊಟದ ಹೊತ್ತಿಗೆ ಮನೆಗೆ ಫೋನು ಮಾಡಿ, ಅವರನ್ನೇ ಕರೆಯಿರಿ. ಕಾಯಿಲೆಯ ಸುದ್ದಿ ಎತ್ತಬೇಡಿ, ನಾನು ಹೀಗೆ ಬರೆದೆನೆಂದೂ ಹೇಳಬೇಡಿ. ಕಾರಿನ ಮಾತು ಮಾತ್ರ ಆಡಿ. ಸೋತ ಟರ್ಬೊವನ್ನು ಹಿಮದಲ್ಲಿ ಸುಮ್ಮನೆ ನಿಲ್ಲಿಸಿಟ್ಟರೆ ಸೀದ ಎಣ್ಣೆ ಗಟ್ಟಿಯಾಗಿ ಎಂಜಿನ್ನೇ ಹಿಡಿದುಕೊಳ್ಳುತ್ತದೆ, ದಿನ ಬಿಟ್ಟು ದಿನ ಘಾಟಿ ಹತ್ತಿ ಇಳಿಯಲೇಬೇಕು ಎನ್ನಿ. ಸುಮಿಯೇಗೆ ಕಿವಿ ಸಾಲದು, ಪಕ್ಕದಲ್ಲಿ ಕೂತು ಅದರ ಕೂಗು ಕೇಳುವವರು ಒಬ್ಬರು ಬೇಕು, ನಾನು ವಸಂತದಲ್ಲಿ ಬರುವ ತನಕ, ಅಪ್ಪ, ನೀವೇ ನೋಡಿಕೊಳ್ಳಿ ಎನ್ನಿ. ಇದರಲ್ಲಿ ನಿಜವೆಷ್ಟು, ಸುಳ್ಳೆಷ್ಟು ಎಂದು ನಿಮಗೆ ಗೊತ್ತು, ನನಗೆ ಬೇಡ. ಎಂಜಿನ್ ಹಾಳಾದರೆ ಆಗಲಿ. ತಮ್ಮ ಜೀವಕ್ಕೆಂದರೆ ಅವರು ಬರುವುದಿಲ್ಲ, ನಿಮ್ಮ ಕಾರಿಗೆಂದರೆ ಬರುತ್ತಾರೆ. ನಿಮಗೆ ಸುಳ್ಳು ಹೇಳಲು ಬರುವುದಿಲ್ಲ, ಮದುವೆಯಾದಾಗಿನಿಂದ ನೋಡಿದ್ದೇನೆ. ಆದರೂ ನಾಳೆ ಒಂದು ಸಲ, ಗಟ್ಟಿ ದನಿಯಲ್ಲಿ, ಸ್ವಲ್ಪ ಸಿಟ್ಟಿನಿಂದಲೇ ಹೇಳಿಬಿಡಿ.