ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು

ಜೂನ್ 2, ಸೋಮವಾರ. ಬೆಳಿಗ್ಗೆ 8.10

ಮಾನ್ಯ ಸಭಾಧ್ಯಕ್ಷರೇ, ಮುಂದಿನ ಸಾಲಿನಲ್ಲಿ ಆಕಳಿಸುತ್ತಿರುವ ಗಣ್ಯರೇ, ಹಿಂದಿನ ಸಾಲಿನಿಂದ ಆಗಲೇ ಎದ್ದು ಹೊರಟವರೇ... ನಮ್ಮ ಬಿಳಿ ಕಾರು ಮತ್ತೆ ಕೈಕೊಟ್ಟಿದೆ ಎಂದು ಈ ತುಂಬಿದ ಸಭೆಗೆ ವಿಷಾದದಿಂದ ತಿಳಿಸುತ್ತೇನೆ.

ಕೀ ತಿರುವಿದರೆ ಟಿಕ್ಕು ಟಿಕ್ಕು,
ಪ್ರೆಸ್ಸಿಗೆ ಇಂದು ಕಾಲೇ ದಿಕ್ಕು.

ಬ್ಯಾಟರಿ ಹೊಸದು, ಇನ್ನೂ ತಿಂಗಳಾಗಿಲ್ಲ. ಅಂಗಡಿಯವನು ಪರೀಕ್ಷೆ ಮಾಡಿ, "ಬ್ಯಾಟರಿ ಗುಂಡುಕಲ್ಲು ಸಾರ್. ಚಾರ್ಜಿಂಗೂ ಸರಿಯಾಗಿದೆ. ಗಾಡಿ ನಿಂತಾಗ ಒಳಗೆ ಏನೋ ಕರೆಂಟ್ ಕುಡೀತಿದೆ" ಅಂದಿದ್ದ. ಏನು ಅಂದರೆ, "ಹುಡುಕಬೇಕು" ಅಂತ. ವಾರಕ್ಕೆ ಎರಡೇ ದಿನ ಹೊರಡುವ ಕಾರು. ಮೂರು ದಿನ ಸುಮ್ಮನೆ ನಿಂತರೆ ಮಲಗಿಬಿಡುತ್ತದೆ.

ಕರಡು ತಿದ್ದುವವನು ನಾನು. ಕಾಗದದ ಮೇಲಿನ ತಪ್ಪಾದರೆ ಹಿಡಿಯುತ್ತಿದ್ದೆ.

ಜೂನ್ 5, ಗುರುವಾರ

ಜಂಪ್ ಕೇಬಲ್ ಇರುವುದು ಒಬ್ಬನ ಹತ್ತಿರ. ಗೋಡೆಯಾಚೆ. ಅಣ್ಣ, ಲಿಫ್ಟ್ ಮೆಕ್ಯಾನಿಕ್. ಒಂದೇ ಅಂಗಳ, ಎರಡು ಬಾಗಿಲು, ಒಂದು ವರ್ಷ ನಾಲ್ಕು ತಿಂಗಳಿಂದ ಮಾತಿಲ್ಲ.

ಕಾರಣ — ಅವನ ಮಗಳ ಮದುವೆ. ಪ್ರಾಸಬದ್ಧವಾಗಿ ನಲವತ್ತು ಪದ್ಯ ಬರೆದು ಹಾರೈಸುತ್ತಿದ್ದೆ. ಹನ್ನೆರಡನೆಯದಕ್ಕೆ ಅಣ್ಣ ಮೈಕಿನ ಪ್ಲಗ್ ಕಿತ್ತ. ಜನ ಊಟಕ್ಕೆ ಕಾದಿದ್ದರಂತೆ.

ಮೊದಲೆಲ್ಲ ಬೆಳಿಗ್ಗೆ ಒಂದೇ ಪೇಪರನ್ನು ಅಂಗಳದಲ್ಲಿ ಕೂತು ಅರ್ಧರ್ಧ ಓದುತ್ತಿದ್ದೆವು. ಈಗ ಇಬ್ಬರದೂ ಬೇರೆ ಬೇರೆ ಪೇಪರ್. ಸುದ್ದಿ ಜಾಸ್ತಿ, ರುಚಿ ಕಮ್ಮಿ.

ಇವಳು, ನನ್ನ ಹೆಂಡತಿ, ಹೋಗಿ ಕೇಳಿದಳು. ಅಣ್ಣ ತನ್ನ ಕಾರು ತಂದು ಮೂತಿಗೆ ಮೂತಿ ನಿಲ್ಲಿಸಿದ.

"ಅವನಿಗೆ ಹೇಳಮ್ಮ, ಮೊದಲು ಕೆಂಪಿಗೆ ಕೆಂಪು."

"ಅವರಿಗೆ ಹೇಳು, ಗೊತ್ತಿದೆ ಅಂತ."

"ಗೊತ್ತಿದ್ದರೆ ಕಪ್ಪು ಯಾಕೆ ಹಿಡ್ಕೊಂಡು ನಿಂತಿದ್ದಾನೆ ಕೇಳು."

ಮಧ್ಯೆ ನಿಂತ ಇವಳ ಕತ್ತು ಆ ಕಡೆ ಈ ಕಡೆ. "ಭಾವ, ಇವರಿಗೆ ಕಿವಿ ಚೆನ್ನಾಗೇ ಇದೆ. ಒಲೆ ಮೇಲೆ ಹಾಲಿಟ್ಟು ಬಂದಿದೀನಿ ನಾನು."

ಸ್ಟಾರ್ಟ್ ಆಯಿತು. ಹಾಲು ಉಕ್ಕಿತು.

ಕೆಂಪಿಗೆ ಕೆಂಪು, ಕಪ್ಪಿಗೆ ಕಪ್ಪು,
ಮಾತು ಬಿಟ್ಟದ್ದು ಯಾರದು ತಪ್ಪು?

ಇವಳಿಗೆ ಓದಿ ಹೇಳಿದೆ. "ಪದ್ಯದ್ದು" ಅಂದಳು.

ಜೂನ್ 9, ಸೋಮವಾರ

ಮತ್ತೆ ಟಿಕ್ಕು ಟಿಕ್ಕು. ಕೇಳುವ ಮೊದಲೇ ಅಣ್ಣ ಕೇಬಲ್ ಹಿಡಿದು ಬಂದ. ಇವಳ ಕಡೆ ತಿರುಗಿ ಅಂದ: "ಹೀಗೇ ಎಷ್ಟು ದಿನ? ಹುಡುಕೋಕೆ ಇಬ್ಬರು ಬೇಕಮ್ಮ. ಒಬ್ಬ ಫ್ಯೂಸ್ ಒಂದೊಂದೇ ಕಿತ್ತು ಹಾಕಬೇಕು, ಇನ್ನೊಬ್ಬ ಮೀಟರ್ ನೋಡಬೇಕು. ಯಾವುದು ಕಿತ್ತಾಗ ಮುಳ್ಳು ಬೀಳುತ್ತೋ, ಕಳ್ಳ ಆ ಲೈನಲ್ಲಿದ್ದಾನೆ."

"ಭಾನುವಾರದವರೆಗೆ ಟೈಮು ಇಬ್ಬರಿಗೂ. ಆಮೇಲೆ ಗ್ಯಾರೇಜಿಗೆ" ಅಂದಳು ಇವಳು.

ಜೂನ್ 13, ಶುಕ್ರವಾರ. ಸಂಜೆ 7

ಸಭಿಕರೇ, ಕೂತುಕೊಳ್ಳಿ.

ಐದೂವರೆಗೆ ಶುರು. ಅಣ್ಣ ಸ್ಟಿಯರಿಂಗ್ ಕೆಳಗೆ ತಲೆ ತೂರಿಸಿ ಅಂಗಾತ. ಕಾಲೆರಡೂ ಹೊರಗೆ. ಬಾಗಿಲು ಮುಚ್ಚಿದೆ ಅಂತ ಕಾರನ್ನು ನಂಬಿಸಲು ಬಾಗಿಲ ಬಟನ್ನಿಗೆ ಟೇಪ್ ಸುತ್ತಿದ್ದ. ನಾನು ಬಾನೆಟ್ ಎದುರು, ಅವನ ಹಳೇ ಮುಳ್ಳಿನ ಮೀಟರ್ ಹಿಡಿದು. ಮುಕ್ಕಾಲು ಆಂಪಿಯರ್ ತೋರಿಸುತ್ತಿತ್ತು. ನಿಂತ ಕಾರಿಗೆ ಅದು ಅತಿಯಾಯಿತು. ಇವಳು ನಡುವೆ, ಪೋಸ್ಟ್‌ಮ್ಯಾನ್.

ಮೂರು ಫ್ಯೂಸ್ ಆಯಿತು. ಇವಳಿಗೆ ಫೋನ್ ಬಂತು, ಒಳಗೆ ಹೋದಳು. ಕಾಲೆರಡು ಹಾಗೇ ಇದ್ದವು. ನಾನೂ ಹಾಗೇ ಇದ್ದೆ. ಎರಡು ನಿಮಿಷ.

"ಲೋ, ಎಷ್ಟು ತೋರಿಸ್ತಿದೆಯೋ?"

5.52. ದಾಖಲಿಸಿಕೊಳ್ಳಿ.

"ಹಾಗೇ ಇದೆ ಅಣ್ಣ."

"ಐದು?"

"ಹಾಗೇ."

"ಆರು? ಲೋ, ಮೀಟರ್ ನೋಡ್ತಿದ್ದೀಯೋ ಪ್ರಾಸ ಹುಡುಕ್ತಿದ್ದೀಯೋ?"

"ಎರಡೂ."

ಕಾಲು ಅಲ್ಲಾಡಿದವು. ನಗುತ್ತಿದ್ದ. ಏಳು, ಎಂಟು, ಒಂಬತ್ತು, ಹತ್ತು — ಹಾಗೇ. ಹನ್ನೊಂದೂ ಹಾಗೇ. ಕತ್ತಲಾಯಿತು, ನಿಲ್ಲಿಸಿದೆವು. "ಹನ್ನೆರಡಕ್ಕೆ ನಿಲ್ಲಿಸೋದು ನಿನಗೆ ಅಭ್ಯಾಸ" ಅಂದೆ. "ಇವತ್ತು ಒಂದು ಮೊದಲೇ ನಿಲ್ಲಿಸಿದೀನಲ್ಲೋ" ಅಂತ ಮಂಡಿ ಒರೆಸಿಕೊಂಡ. ಸಾಮಾನೆಲ್ಲ ನಮ್ಮ ಡಿಕ್ಕಿಯಲ್ಲೇ ಇಟ್ಟು ಹೋದ.

ಜೂನ್ 14, ಶನಿವಾರ

ಹನ್ನೆರಡರಿಂದ ಇಪ್ಪತ್ತು. ಕಳ್ಳ ಸಿಗಲಿಲ್ಲ. ಪರಮಾನಂದ.

ಎರಡು ಫ್ಯೂಸ್ ನಡುವೆ ಅಣ್ಣ ಕೇಳಿದ: "ಉಳಿದ ಪದ್ಯದಲ್ಲಿ ಏನಿತ್ತೋ?" ಬಾಯಿಪಾಠ ಇತ್ತು. ಒಂಬತ್ತು ಹೇಳಿದೆ. ಕಿತ್ತು ಹಾಕಲು ಇವತ್ತು ಮೈಕ್ ಇರಲಿಲ್ಲ. ಒಂಬತ್ತಾದ ಮೇಲೆ ಕೆಳಗಿನಿಂದ ದನಿ: "ಎರಡು ಚೆನ್ನಾಗಿವೆ." ಯಾವ ಎರಡು ಅಂತ ಹೇಳಲಿಲ್ಲ, ಕಿಡಿಗೇಡಿ.

ನಾಳೆ ಮತ್ತೆ ಒಂದರಿಂದ ಶುರು ಮಾಡಬೇಕಂತೆ. ಮೀಟರ್ ಅವನು ಹಿಡಿಯುತ್ತಾನಂತೆ. ಊಟ ಸೇರಲಿಲ್ಲ.

ಜೂನ್ 15, ಭಾನುವಾರ. ಬೆಳಿಗ್ಗೆ 7.40

ಈಗ ಅತ್ತಿಗೆ ಬಂದಿದ್ದರು, ಮುಲಾಮು ಕೇಳಲು. "ನಿಮ್ಮಣ್ಣನ ಬೆರಳಿಗೆ ಬೊಬ್ಬೆ ಬಂದಿದೆ. ಶುಕ್ರವಾರ ಸಾಮಾನಿಡೋಕೆ ನಿಮ್ಮ ಡಿಕ್ಕಿ ತೆಗೆದರಂತೆ, ಒಳಗಿನ ಬಲ್ಬು ಕೆಂಡ. ಮುಚ್ಚಿದ್ದರೂ ಉರೀತಾನೇ ಇರುತ್ತಂತಲ್ಲ. ನಿಮಗೆ ಹೇಳಲಿಲ್ವಾ?"

ಇಲ್ಲ, ಹೇಳಲಿಲ್ಲ. ಗೊತ್ತಿದ್ದೂ ಶನಿವಾರವಿಡೀ ಅಂಗಾತ ಮಲಗಿ ಒಂಬತ್ತು ಫ್ಯೂಸ್ ಕಿತ್ತ.

ಸರಿ, ನಾನೂ ಒಪ್ಪಿಕೊಳ್ಳುತ್ತೇನೆ. ಹನ್ನೊಂದಕ್ಕೆ ಮುಳ್ಳು ನೇರ ಸೊನ್ನೆಗೆ ಬಿದ್ದಿತ್ತು. ಡಿಕ್ಕಿ ದೀಪದ ಲೈನು. "ಹಾಗೇ" ಅಂದೆ. ಅವನಿಗೂ ಸುಳ್ಳು, ಇಲ್ಲಿ ಬರೆದದ್ದೂ ಸುಳ್ಳು. ರಿಪೇರಿ ಆದರೆ ಅವನು ಕೇಬಲ್ ಸುತ್ತಿಕೊಂಡು ಒಳಗೆ ಹೋಗುತ್ತಾನೆ, ಬಾಗಿಲು ಹಾಕಿಕೊಳ್ಳುತ್ತಾನೆ ಅಂತ ಭಯ.

ಸಭೆಯೂ ಇಲ್ಲ, ಸಭಾಧ್ಯಕ್ಷರೂ ಇಲ್ಲ. ಅಣ್ಣ ಮಾತು ಬಿಟ್ಟ ವಾರ ನಿಮ್ಮನ್ನೆಲ್ಲ ಕಟ್ಟಿಕೊಂಡೆ, ಯಾರಿಗಾದರೂ ಹೇಳಬೇಕಿತ್ತಲ್ಲ ಅಂತ. ಅಂಗಳದಿಂದ ಕೂಗುತ್ತಿದ್ದಾನೆ — "ಲೋ, ಬಾರೋ, ಒಂದರಿಂದ." ಇನ್ನು ನಿಮಗೆ ಹೇಳಲು ಪುರುಸೊತ್ತು —